ಬದನೆಯ ಸಾಲಿಗೆ ಬರುವ ಕರಿದುಂಬಿ

ಮಾಘ ಕಳೆದು ಬಿಸಿಲು ಏರತೊಡಗಿದೊಡನೆ ನಮ್ಮ ಹಿತ್ತಿಲುಗಳಲ್ಲಿ ದಪ್ಪನೆಯ ಕರಿದುಂಬಿಯ ಓಡಾಟ ಹೆಚ್ಚುತ್ತದೆ. ಗಾತ್ರದಲ್ಲಿ ಹೆಬ್ಬೆರಳಿನ ತುದಿಯಷ್ಟು. ರೆಕ್ಕೆಗೆ ಬಿಸಿಲು ತಾಗಿದರೆ ನೀಲಿ ಹಸುರು ಹೊಳಪು. ಕೆಲವು ಜಾತಿಗಳಿಗೆ ಎದೆಯ ಮೇಲೆ ಹಳದಿ ರೋಮವೂ ಉಂಟು. ಕಂಡೊಡನೆ ಹಿಡಿಸೂಡಿ ಎತ್ತುವವರೇ ನಮ್ಮಲ್ಲಿ ಹೆಚ್ಚು. ಅದು ನಮ್ಮ ಬೇಸಾಯಕ್ಕೆ ಕೂಲಿ ಕೇಳದ ಆಳು ಎಂಬುದನ್ನು ತಿಳಿದರೆ ಆ ಕೈ ತಾನಾಗಿ ಇಳಿದೀತು.

ಹೆಸರಿನಿಂದಲೇ ಇದಕ್ಕೆ ಅರ್ಧ ಅನ್ಯಾಯವಾಗಿದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿಯನ್ನೂ ದುಂಬಿ ಎಂದೇ ಕರೆಯುವ ರೂಢಿಯಿದೆ. ಕುರುವಾಯಿಗೆ ಗಟ್ಟಿ ಚಿಪ್ಪು, ತಲೆಯ ಮೇಲೊಂದು ಕೊಂಬು. ಅದು ರಾತ್ರಿ ದೀಪಕ್ಕೆ ಬರುವ ಹುಳು. ಹಗಲು ಹೂವಿಂದ ಹೂವಿಗೆ ಹಾರುವ ಕರಿದುಂಬಿಯಾದರೋ ಜೇನುನೊಣದ ಬಳಗದ್ದು. ತೆಂಗಿನ ಸುಳಿಯ ಗೊಡವೆ ಅದಕ್ಕಿಲ್ಲ.

ಬದನೆಯ ಹೂವನ್ನು ಬಿಡಿಸಿ ನೋಡಿರಿ. ನಡುವಿನ ಹಳದಿ ಕೇಸರಗಳ ತುದಿಯಲ್ಲಿ ಸಣ್ಣ ತೂತು ಮಾತ್ರ ಇರುತ್ತದೆ, ಪರಾಗವೆಲ್ಲ ಒಳಗೆ. ಜೇನುನೊಣಕ್ಕೆ ಅದನ್ನು ಉದುರಿಸುವ ಉಪಾಯ ತಿಳಿಯದು. ದುಂಬಿ ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆಯೇ ಮೈಯನ್ನು ನಡುಗಿಸುತ್ತದೆ. ಆಗ ಅದರ ದನಿ ಹಾರುವಾಗಿನದಕ್ಕಿಂತ ಏರಿರುತ್ತದೆ. ಉಪ್ಪಿನ ಕುಡಿಕೆಯನ್ನು ಕೊಡವಿದಂತೆ ಪರಾಗ ಹೊಟ್ಟೆಯ ಮೇಲೆ ಉದುರಿ, ಮುಂದಿನ ಹೂವಿಗೆ ತಲುಪುತ್ತದೆ. ಬದನೆ ಗಾಳಿಯ ಅಲುಗಾಟದಿಂದಲೂ ಕಾಯಿ ಕಟ್ಟುವುದು ನಿಜ. ದುಂಬಿ ಬಂದಲ್ಲಿ ಕಟ್ಟುವುದು ಹೆಚ್ಚು. ಟೊಮೆಟೊ ಹೂವಿಗೂ ಇಂಥ ನಡುಕ ಹಿತ. ಹಳದಿ ಪ್ಯಾಶನ್ ಹಣ್ಣಿನ ಬಳ್ಳಿಗಂತೂ ಬೇರೊಂದು ಬಳ್ಳಿಯ ಪರಾಗ ಬೇಕು. ಅದನ್ನು ಬೆನ್ನ ಮೇಲೆ ಹೊತ್ತು ತರುವಷ್ಟು ದೊಡ್ಡ ಮೈ ದುಂಬಿಯದು.

ಹಿಮಾಲಯದಲ್ಲಿಯೂ ಶೀತದೇಶಗಳಲ್ಲಿಯೂ ಇದೇ ಕೆಲಸವನ್ನು ರೋಮ ತುಂಬಿದ ಬೇರೊಂದು ದುಂಬಿ ಮಾಡುತ್ತದೆ. ನ್ಯೂಜಿಲೆಂಡಿನಲ್ಲಿ ಅದಿಲ್ಲದೆ ಕೆಂಪು ಕ್ಲೋವರ್ ಮೇವು ಬೀಜ ಕಟ್ಟುತ್ತಿರಲಿಲ್ಲ. ೧೮೮೫ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದು ಬಿಟ್ಟ ಮೇಲೆ ಬೀಜ ಕೈಗೆ ಬಂತು. ಅವರು ಹಣ ಕೊಟ್ಟು ತರಿಸಿದ ಉಪಕಾರ ನಮಗೆ ಮಾಡಿನ ಕೆಳಗೇ ದೊರೆತಿದೆ.

ಪಕ್ಕಾಸಿನಲ್ಲಿ ಬೆರಳು ಹಿಡಿಸುವಷ್ಟು ದುಂಡನೆಯ ತೂತು, ಕೆಳಗೆ ಮರದ ಹುಡಿ ಕಂಡರೆ ಅದು ದುಂಬಿಯ ಮನೆ. ದುಂಬಿ ಮರವನ್ನು ತಿನ್ನುವುದಿಲ್ಲ, ಕೊರೆಯುತ್ತದೆ ಅಷ್ಟೆ. ಒಳಗೆ ಪರಾಗ, ಮಕರಂದ ಕಲಸಿದ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಹುಡಿಯಿಂದಲೇ ಗೋಡೆ ಕಟ್ಟುತ್ತದೆ. ಅದರಾಚೆ ಇನ್ನೊಂದು ಕೋಣೆ. ಜೇನಿನಂತೆ ಸಾವಿರಗಟ್ಟಲೆ ಮರಿಗಳಲ್ಲ, ಬೆರಳೆಣಿಕೆಯವು. ಆದುದರಿಂದ ಒಂದು ಗೂಡು ಹಾಳಾದರೆ ನಷ್ಟ ದೊಡ್ಡದು. ಗಂಡಿಗೆ ಮುಳ್ಳಿಲ್ಲ, ಹೆಣ್ಣು ಕೈಯಲ್ಲಿ ಹಿಡಿದರೆ ಮಾತ್ರ ಚುಚ್ಚೀತು.

ಹಿತ್ತಿಲಿಗೆ ಇದನ್ನು ಕರೆಯಲು ಖರ್ಚಿಲ್ಲ.

೧. ಒಣಬಿದಿರಿನ ತುಂಡುಗಳನ್ನೂ ಮೆದುಮರದ ಒಣ ಕೊಂಬೆಗಳನ್ನೂ ಕೊಟ್ಟಿಗೆಯ ಸೂರಿನಡಿ, ಮಳೆ ತಾಗದಂತೆ ಕಟ್ಟಿರಿ. ಮನೆಯ ಪಕ್ಕಾಸಿಗೆ ಬಣ್ಣ ಬಳಿದರೆ ದುಂಬಿ ಅತ್ತ ಸುಳಿಯುವುದು ಕಡಿಮೆ.

೨. ಗೊಬ್ಬರಗಿಡದ ಬೇಲಿಯನ್ನು ಹೂ ಬಿಡುವ ಮೊದಲೇ ಪೂರ್ತಿ ಸವರದೆ, ನಾಲ್ಕಾರು ಗೆಲ್ಲು ಉಳಿಸಿರಿ. ಬದುವಿನಲ್ಲಿ ತೊಗರಿ, ಸೆಣಬು, ಅಗಸೆ ಇರಲಿ.

೩. ಹೂ ಬಿಟ್ಟ ಗಿಡಕ್ಕೆ ಹಗಲು ವಿಷ ಸಿಂಪಡಿಸಬಾರದು. ಅನಿವಾರ್ಯವಾದರೆ ಸಂಜೆ ಹಾರಾಟ ನಿಂತ ಮೇಲೆಯೇ.

ವಿಷದ ಮಾತನ್ನು ಈ ನಾಡಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ೨೦೦೦ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಹಿತ್ತಿಲಿನ ಸಣ್ಣ ಪಂಪಿನ ಹಿಡಿಕೆ ಮಾತ್ರ ನಮ್ಮ ನಮ್ಮ ಕೈಯಲ್ಲೇ ಇದೆ. ಬಿಸುವಿಗೆ ಕೊಯ್ಯಬೇಕಾದ ಬದನೆ ಈಗ ಹೂವಿನಲ್ಲಿದೆ. ನಾಳೆ ಬೆಳಗ್ಗೆ ಪಂಪು ಎತ್ತುವ ಮುನ್ನ ಸಾಲಿನ ನಡುವೆ ಒಂದು ಗಳಿಗೆ ನಿಂತು, ಆ ಏರುದನಿ ಕೇಳುತ್ತದೆಯೇ ನೋಡಿರಿ.