ಡಬ್ಬಿಯ ಪಾಕ ಬಿಯರ್ ಆಗುವುದು ಹೇಗೆ?

ಪ್ರಶ್ನೆ: ಬ್ರಿಟನ್ನಿನಲ್ಲಿ ಅಂಗಡಿಯಿಂದ ಡಬ್ಬಿ ತಂದು ಮನೆಯಲ್ಲೇ ಬಿಯರ್ ಮಾಡುತ್ತಾರಂತೆ. ಆ ಡಬ್ಬಿಯಲ್ಲಿ ಏನಿರುತ್ತದೆ?

ಉತ್ತರ: ಅದರಲ್ಲಿರುವುದು ಮಾಲ್ಟಿನ ಸಾರ, ಅಂದರೆ ಮಂದವಾದ ಕಂದು ಪಾಕ. ನಾವು ರಾಗಿಯನ್ನು ಮೊಳಕೆ ಕಟ್ಟುವಂತೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಸಿದ್ಧ. ಅದನ್ನು ನುಚ್ಚಾಗಿಸಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಇಟ್ಟಾಗ ಕಾಳಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಿಹಿನೀರನ್ನು ಕಾರ್ಖಾನೆಯಲ್ಲಿ ಬತ್ತಿಸಿ, ಕಹಿಗೆಂದು ಹಾಪ್ಸ್ ಹೂವಿನ ಸಾರ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಹೀಗಾಗಿ ಕಷ್ಟದ ಕೆಲಸವೆಲ್ಲ ಮೊದಲೇ ಮುಗಿದಿರುತ್ತದೆ.

ಮನೆಯಲ್ಲಿ ಆ ಪಾಕಕ್ಕೆ ಸಕ್ಕರೆ, ನೀರು ಸೇರಿಸಿ ಸುಮಾರು 23 ಲೀಟರ್ ಮಾಡುತ್ತಾರೆ. ಆರಿದ ಮೇಲೆ ಯೀಸ್ಟ್ ಹಾಕಿ, 20 ಡಿಗ್ರಿಯ ಆಸುಪಾಸಿನಲ್ಲಿ ವಾರದ ಮಟ್ಟಿಗೆ ಹುದುಗಲು ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಂತರ ಸ್ವಲ್ಪ ಸಕ್ಕರೆಯೊಂದಿಗೆ ಬಾಟಲಿಗೆ ತುಂಬಿ ಮುಚ್ಚಿದರೆ, ಒಳಗೆ ಉಳಿಯುವ ಅನಿಲದಿಂದ ನೊರೆ ಬರುತ್ತದೆ. ಹುದುಗುವುದು ಮುಗಿಯುವ ಮೊದಲೇ ತುಂಬಿದರೆ ಬಾಟಲಿ ಸಿಡಿಯಬಹುದು. ಪಾತ್ರೆ ಶುಚಿಯಾಗಿರದಿದ್ದರೆ ಬ್ಯಾಕ್ಟೀರಿಯಾ ಸೇರಿ ಎಲ್ಲವೂ ಹುಳಿಯಾಗುತ್ತದೆ.

ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಬಿಯರ್ ಮಾಡಲು ಬೇಕಿದ್ದ ಪರವಾನಗಿಯನ್ನು 1963ರಲ್ಲಿ ರದ್ದುಪಡಿಸಿದರು. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇದರ ವಿಜ್ಞಾನವನ್ನು ಖಂಡಿತ ತಿಳಿದುಕೊಳ್ಳಿ, ಪ್ರಯೋಗಕ್ಕೆ ಮಾತ್ರ ಇಳಿಯಬೇಡಿ.