ಗುಡ್ಡೆಯ ದಾರಿಗೆ ಹಳೆಯ ಜೀಪು: ಕೊಳ್ಳುವ ಮುನ್ನ ದಾರಿ, ಆಸನ, ಕಾಗದ

ಜೂನ್ ತಿಂಗಳ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಯಾವ ಮಾರ್ಗ ಕೆಟ್ಟಿದೆ ಎಂಬುದು ಶಿಕ್ಷಕರಿಗೆ ತಿಳಿದುಬಿಡುತ್ತದೆ. ಗುಡ್ಡೆಯ ಮೇಲಿನ ಮೂರು ಮನೆಗಳ ಮಕ್ಕಳು ಒಂದೇ ದಿನ ಬರುವುದಿಲ್ಲ. ಮಳೆ ಬಿಟ್ಟ ಮರುದಿನ ಒಟ್ಟಿಗೇ ಬರುತ್ತಾರೆ. ಇದೇ ಸ್ಥಿತಿ ಎರಡು ಮಳೆಗಾಲ ಮುಂದುವರಿದರೆ ಮೂರನೆಯ ವರ್ಷ ಆ ಮನೆಗಳಿಂದ ವರ್ಗಾವಣೆ ಪತ್ರಕ್ಕೆ ಅರ್ಜಿ ಬರುತ್ತದೆ. ಆಂಗ್ಲ ಮಾಧ್ಯಮ ಶಾಲೆಯ ಬಸ್ಸು ಗುಡ್ಡೆಯ ಬುಡದವರೆಗೆ ಬರುತ್ತದೆ, ನಮ್ಮ ಶಾಲೆಗೆ ಬಸ್ಸಿಲ್ಲ. ಕನ್ನಡವನ್ನು ಬಿಡಬೇಕೆಂದು ಯಾರೂ ಬಯಸಿದವರಲ್ಲ. ದಾರಿ ಬಿಡಿಸಿತು, ಅಷ್ಟೆ.

ಆದುದರಿಂದಲೇ ಇತ್ತೀಚೆಗೆ ಪೋಷಕರ ಸಭೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: ಹಳೆಯದಾದರೂ ಸರಿ, ಒಂದು ಫೋರ್‌ವೀಲ್ ಡ್ರೈವ್ ಗಾಡಿ ಕೊಂಡರೆ ಹೇಗೆ? ಪ್ರಶ್ನೆ ಯೋಗ್ಯವಾದುದೇ. ಆದರೆ ಗಡಿನಾಡಿನ ಕುಟುಂಬಕ್ಕೆ ಇಂಥ ಗಾಡಿ ಎರಡು ಕಡೆ ಕೈಕೊಡಬಹುದು: ಒಂದು ಕೆಸರಿನಲ್ಲಿ, ಇನ್ನೊಂದು ಸಾರಿಗೆ ಕಚೇರಿಯಲ್ಲಿ. ಎರಡನೆಯದರ ಬಗ್ಗೆ ಮಾರುವವರು ಮಾತನಾಡುವುದು ವಿರಳ.

ಮೊದಲು ದಾರಿಯನ್ನು ಅಳೆಯಿರಿ

ಗಾಡಿ ನೋಡಲು ಹೊರಡುವ ಮುನ್ನ ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಮಳೆ ಸುರಿದ ಮರುದಿನ ಒಮ್ಮೆ ನಡೆದು ನೋಡಬೇಕು. ಅಡಚಣೆ ಎಲ್ಲಿದೆ, ಎಂಥದ್ದು, ಎಷ್ಟು ಉದ್ದ ಎಂದು ಬರೆದುಕೊಳ್ಳಬೇಕು. ಸಾಮಾನ್ಯವಾಗಿ ಕಷ್ಟವಿರುವುದು ಇಡೀ ದಾರಿಯಲ್ಲಲ್ಲ, ಒಂದು ಏರಿನಲ್ಲಿ ಅಥವಾ ಒಂದು ತೋಡಿನ ದಾಟಿನಲ್ಲಿ.

ಕಾಸರಗೋಡಿನ ಒಳನಾಡಿನಲ್ಲಿ ಅಡಚಣೆಯೆಂದರೆ ಪಾಚಿಗಟ್ಟಿದ ಮುರಕಲ್ಲಿನ ಕಡಿದಾದ ಏರು. ಅಲ್ಲಿ ಹಿಂದಿನ ಚಕ್ರಗಳು ಜಾರಿದಾಗ ಮುಂದಿನ ಚಕ್ರಗಳಿಗೂ ಬಲ ಸಿಕ್ಕರೆ ಗಾಡಿ ಮೇಲೇರುತ್ತದೆ. ಫೋರ್‌ವೀಲ್ ಡ್ರೈವಿನ ನಿಜವಾದ ಉಪಯೋಗ ಇದೇ. ಅಕ್ಕಲಕೋಟೆ, ಜತ್ತ ಕಡೆಯ ಎರೆಭೂಮಿಯ ಕಥೆ ಬೇರೆ. ಮಳೆಯಲ್ಲಿ ಎರೆಮಣ್ಣು ಟಯರಿನ ಪಟ್ಟೆಗಳನ್ನು ತುಂಬಿ ಚಕ್ರವನ್ನು ನುಣುಪುಗೊಳಿಸುತ್ತದೆ. ಸವೆದ ಟಯರಿದ್ದರೆ ನಾಲ್ಕೂ ಚಕ್ರಗಳು ಒಟ್ಟಿಗೆ ಜಾರುತ್ತವೆ. ಅಲ್ಲಿ ಮೊದಲು ಹಣ ಹಾಕಬೇಕಾದದ್ದು ಆಳವಾದ ಪಟ್ಟೆಯ ಟಯರಿಗೆ. ತಾಳವಾಡಿಯವರು ಹತ್ತಿಳಿಯುವ ದಿಂಬಂ ಘಾಟಿಯಲ್ಲಿ 27 ಹಿಮ್ಮುರಿ ತಿರುವುಗಳಿವೆ. ಆದರೆ ಅದು ಡಾಮರು ರಸ್ತೆ. ಅಲ್ಲಿ ಬೇಕಾದದ್ದು ಉತ್ತಮ ಬ್ರೇಕು ಮತ್ತು ಕೆಳ ಗೇರಿನಲ್ಲಿ ನಿಧಾನವಾಗಿ ಇಳಿಯುವ ಅಭ್ಯಾಸ.

ಒಂದು ಮಾತನ್ನು ಮರೆಯಬಾರದು: ಫೋರ್‌ವೀಲ್ ಡ್ರೈವ್ ಗಾಡಿಯನ್ನು ಮುಂದೆ ಒಯ್ಯುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಹಾಕುವಾಗ ಎಲ್ಲ ಗಾಡಿಗಳಿಗೂ ನಾಲ್ಕೇ ಚಕ್ರ. ಭಾರ ಹೆಚ್ಚಿರುವ ಗಾಡಿ ಒದ್ದೆ ಇಳಿಜಾರಿನಲ್ಲಿ ಇನ್ನಷ್ಟು ದೂರ ಜಾರುತ್ತದೆ.

ಎರಡು ಬಗೆಯ ಚಾಲನೆ

ಹಳೆಯ ಜೀಪು, ಜಿಪ್ಸಿ, ಥಾರ್, ಸ್ಕಾರ್ಪಿಯೊ ಮುಂತಾದವುಗಳಲ್ಲಿ ಇರುವುದು ಬೇಕಾದಾಗ ಮಾತ್ರ ಜೋಡಿಸುವ ಚಾಲನೆ. ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳು ಮಾತ್ರ ಎಳೆಯುತ್ತವೆ. ಎರಡನೆಯ ಗೇರುಕೋಲನ್ನು ಎಳೆದಾಗ ಅಥವಾ ಗುಂಡಿ ತಿರುಗಿಸಿದಾಗ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ ಮುಂದಿನ ಚಕ್ರಗಳನ್ನೂ ಜೋಡಿಸುತ್ತದೆ. ಇದರಲ್ಲಿ ‘ಲೋ’ ಎಂಬ ಇನ್ನೊಂದು ಸ್ಥಾನವಿದೆ; ವೇಗ ತಗ್ಗಿಸಿ ಎಳೆಯುವ ಶಕ್ತಿಯನ್ನು ಹೆಚ್ಚಿಸುವುದು ಅದರ ಕೆಲಸ. ಕಡಿದಾದ ಏರನ್ನು ಹತ್ತಲು ಮಾತ್ರವಲ್ಲ, ಬ್ರೇಕನ್ನು ಸುಡದೆ ಇಳಿಯಲು ಸಹ ಅದೇ ಆಸರೆ. ಆದರೆ ಒಣ ಡಾಮರಿನ ಮೇಲೆ ಈ ಜೋಡಣೆಯನ್ನು ಬಿಡಿಸದೆ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಆ ವ್ಯತ್ಯಾಸಕ್ಕೆ ಎಡೆಯಿಲ್ಲದೆ ಗೇರುಗಳು ಬಿಗಿದುಕೊಳ್ಳುತ್ತವೆ, ಕೊನೆಗೆ ಮುರಿಯುತ್ತವೆ.

ಇನ್ನೊಂದು ಬಗೆ, ಚಕ್ರ ಜಾರಿದ್ದನ್ನು ಗಾಡಿಯೇ ಅರಿತು ಬಲ ಹಂಚುವಂಥದ್ದು. ಡಸ್ಟರ್, ಎಕ್ಸ್‌ಯುವಿ 500 ಗಾಡಿಗಳ ಕೆಲವು ಮಾದರಿಗಳಲ್ಲಿ ಇದಿದೆ. ಚಾಲಕರಿಗೆ ಹೆಚ್ಚು ಶ್ರಮವಿಲ್ಲ, ಡಾಮರಿನಲ್ಲಿ ನಡೆ ಹಿತಕರ. ಆದರೆ ‘ಲೋ’ ಇಲ್ಲ. ಇಂಥ ಗಾಡಿಯಲ್ಲಿ ನಾಲ್ಕು ಟಯರುಗಳೂ ಒಂದೇ ಅಳತೆಯವು, ಒಂದೇ ಪ್ರಮಾಣದಲ್ಲಿ ಸವೆದವು ಆಗಿರಬೇಕು. ಇಲ್ಲವಾದರೆ ಹಂಚಿಕೆಯ ಯಂತ್ರ ಅಕಾರಣವಾಗಿ ದುಡಿದು ಬಿಸಿಯಾಗುತ್ತದೆ.

ಯಾವ ಗಾಡಿ, ಯಾರಿಗೆ?

ಮಾರುತಿ ಜಿಪ್ಸಿ 1985ರಲ್ಲಿ ಬಂದದ್ದು. ತೂಕ ಒಂದು ಟನ್ನಿನ ಆಸುಪಾಸು ಮಾತ್ರ. ಭಾರದ ಗಾಡಿ ಹೂತುಕೊಳ್ಳುವ ಕಡೆ ಇದು ಹಗುರವಾಗಿ ದಾಟುತ್ತದೆ. ರಚನೆ ಸರಳ, ರಿಪೇರಿ ಬಲ್ಲವರು ಹಲವರು. ಆದರೆ ಪೆಟ್ರೋಲ್ ದಾಹ ಹೆಚ್ಚು, ಪಟ್ಟೆ ಸ್ಪ್ರಿಂಗಿನ ಕುಲುಕಾಟ ಜೋರು, ಹಿಂದಿನ ಆಸನ ಪಕ್ಕಕ್ಕೆ ಮುಖಮಾಡಿದ ಬೆಂಚು. ಓಡಿಸುವವರಿಗೆ ಪ್ರೀತಿ ಹುಟ್ಟಿಸುವ ಗಾಡಿ. ಹಿಂದೆ ಕೂರುವ ಮಗುವಿಗೆ ಹಾಗಲ್ಲ.

2010ರಲ್ಲಿ ಬಂದ ಮೊದಲ ಥಾರ್‌ನ ಹಿಂಬದಿಯಲ್ಲಿಯೂ ಅಂಥದೇ ಬೆಂಚುಗಳು. 2020ರ ಹೊಸ ಥಾರ್‌ಗೆ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ 4 ತಾರೆಗಳು ಸಿಕ್ಕಿವೆ, ಮುಂದಕ್ಕೆ ಮುಖಮಾಡಿದ ಹಿಂದಿನ ಆಸನಗಳೂ ಇವೆ. ಆದರೆ ಹಾಗಿರುವ ಗಾಡಿಯಲ್ಲಿ ಕೂರಬಹುದಾದವರು ನಾಲ್ವರೇ. 2023ರಿಂದ ಹಿಂದಿನ ಚಕ್ರಗಳು ಮಾತ್ರ ಎಳೆಯುವ ಥಾರ್ ಕೂಡ ಮಾರಾಟವಾಗಿರುವುದರಿಂದ ಹೆಸರು ನೋಡಿ ನಂಬುವಂತಿಲ್ಲ.

ದೊಡ್ಡ ಕುಟುಂಬಕ್ಕೆ ಸ್ಕಾರ್ಪಿಯೊ ಮತ್ತು ಹಳೆಯ ಸಫಾರಿ ಹೊಂದುತ್ತವೆ. ಎರಡರಲ್ಲಿಯೂ ಫೋರ್‌ವೀಲ್ ಮಾದರಿಗಳಿವೆ, ಬಹುಪಾಲು ಮಾತ್ರ ಹಾಗಲ್ಲ. ಬೊಲೆರೊ ವಿಷಯವೂ ಅದೇ. 2021ರಲ್ಲಿ ಬಂದ ಹೊಸ ಸಫಾರಿ ಮುಂದಿನ ಚಕ್ರಗಳಿಂದಷ್ಟೇ ನಡೆಯುವಂಥದು.

ದಾರಿಯ ಬಹುಭಾಗ ಡಾಮರು, ಕೊನೆಯ ಒಂದು ಏರು ಮಾತ್ರ ಕೆಟ್ಟದ್ದು ಎಂಬ ಮನೆಗೆ 2014ರಲ್ಲಿ ಬಂದ ಡಸ್ಟರ್‌ನ ನಾಲ್ಕು ಚಕ್ರ ಚಾಲನೆಯ ಡೀಸೆಲ್ ಮಾದರಿ ಯೋಗ್ಯ ಆಯ್ಕೆ. ಐವರೂ ಮುಂದಕ್ಕೆ ಮುಖಮಾಡಿ ಕೂರುತ್ತಾರೆ. ಅದರ ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಇದೆಯೇ ಎಂದು ಕೇಳಲೇಬೇಕು. ಅದು ತುಂಡಾದರೆ ಎಂಜಿನೇ ಹೋಗುತ್ತದೆ. ಆ ಡೀಸೆಲ್ ಗಾಡಿಯ ತಯಾರಿಕೆ ನಿಂತಿರುವುದರಿಂದ ಬಿಡಿಭಾಗಗಳು ನಿಮ್ಮ ಪೇಟೆಯಲ್ಲಿ ಸಿಗುತ್ತವೆಯೇ ಎಂದೂ ಮೊದಲೇ ವಿಚಾರಿಸಬೇಕು.

ಮಕ್ಕಳ ದೃಷ್ಟಿಯಿಂದ ಒಂದು ಮಾನದಂಡ ಸಾಕು: ಪ್ರತಿ ಮಗುವಿಗೆ ಮುಂದಕ್ಕೆ ಮುಖಮಾಡಿದ ಒಂದು ಆಸನ, ಅದಕ್ಕೊಂದು ಬೆಲ್ಟು. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ದಂಡ ಸಣ್ಣದು, ಪಕ್ಕದ ಬೆಂಚಿನಿಂದ ಎಸೆಯಲ್ಪಡುವ ಮಗುವಿಗೆ ಆಗುವ ಗಾಯ ಸಣ್ಣದಲ್ಲ. ಎಬಿಎಸ್ ಬ್ರೇಕು ಮತ್ತು ಚಾಲಕರ ಏರ್‌ಬ್ಯಾಗು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕಿಂತ ಹಳೆಯ ಗಾಡಿಯಾದರೆ ಅವು ಇವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ನೋಡಲು ಹೋದಾಗ

ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಗಾಡಿಯನ್ನು ಮಣ್ಣಿನ ದಾರಿಗೆ ತಂದು ಫೋರ್‌ವೀಲ್ ಹಾಕಿಸಿ, ‘ಲೋ’ ಹಾಕಿಸಿ, ಮತ್ತೆ ಬಿಡಿಸಿ. ವರ್ಷಗಟ್ಟಲೆ ಬಳಸದೆ ತುಕ್ಕು ಹಿಡಿದು ಜೋಡಿಸಿಕೊಳ್ಳದ ಗಾಡಿಗಳು ಬಹಳ. ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರದ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಅದೂ ತಿರುಗುತ್ತದೆಯೇ ನೋಡಿ. ಏರಿನಲ್ಲಿ ಹೊರಡುವಾಗ ಕೆಳಗಿನಿಂದ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲು ಸಡಿಲವಾಗಿದೆ. ಆಕ್ಸಲಿನ ಎಣ್ಣೆ ಹಾಲು ಬೆರೆತ ಚಹಾದಂತೆ ಕಂಡರೆ ಒಳಗೆ ನೀರು ಹೋಗಿದೆಯೆಂದು ತಿಳಿಯಬೇಕು.

ಕರಾವಳಿಯ ಗಾಡಿಯಾದರೆ ಉಪ್ಪುಗಾಳಿಗೆ ಚಾಸಿ ತಿಂದುಹೋಗಿರಬಹುದು. ಕೆಳಗೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಮೆಚ್ಚಬೇಡಿ, ಬಣ್ಣದಡಿ ವೆಲ್ಡಿಂಗ್ ಗುರುತು ಹುಡುಕಿ. ಆಸನದ ಕಂಬಿಗಳಲ್ಲಿ ತುಕ್ಕು, ಕಾರ್ಪೆಟಿನಡಿ ಒಣಗಿದ ಕೆಸರು ಕಂಡರೆ ಅದು ನೆರೆಯಲ್ಲಿ ಮುಳುಗಿದ ಗಾಡಿ. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆರ್‌ಸಿ ಜೊತೆ ಹೋಲಿಸಿ.

ದೊಡ್ಡ ಟಯರು, ಎತ್ತರಿಸಿದ ಸ್ಪ್ರಿಂಗು, ಬದಲಿಸಿದ ಎಂಜಿನು ಇರುವ ಜೀಪುಗಳು ನೋಡಲು ಚೆಂದ. ಆದರೆ ಆರ್‌ಸಿಯಲ್ಲಿ ದಾಖಲಾಗಿರುವ ಮೂಲ ರಚನೆಯನ್ನು ಬದಲಿಸುವುದನ್ನು ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿಯೇ ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಅಂಥ ಗಾಡಿ ಮರುನೋಂದಣಿಯ ತಪಾಸಣೆಯಲ್ಲಿ ನಿಂತುಬಿಡಬಹುದು.

ಗಡಿ ದಾಟುವ ಕಾಗದ

ನಮ್ಮವರಿಗೆ ಗಾಡಿ ಸಿಗುವುದು ಹೆಚ್ಚಾಗಿ ಗಡಿಯಾಚೆ. ಕಾಸರಗೋಡಿನವರು ಪುತ್ತೂರು, ಮಂಗಳೂರಿಗೆ ಹೋಗುತ್ತಾರೆ, ಹೊಸೂರಿನವರು ಬೆಂಗಳೂರಿಗೆ, ಅಕ್ಕಲಕೋಟೆಯವರು ಕಲಬುರಗಿ, ವಿಜಯಪುರಕ್ಕೆ. ಮಾತು ಕನ್ನಡದಲ್ಲಿ ಮುಗಿಯುತ್ತದೆ, ವಿಶ್ವಾಸ ಬೇಗ ಮೂಡುತ್ತದೆ. ಆದರೆ ಕೆಎ ಸಂಖ್ಯೆಯ ಗಾಡಿ ಕೆಎಲ್ ಅಥವಾ ಎಂಎಚ್ ಆಗುವ ಹಾದಿ ಉದ್ದವಾದುದು.

ನಮ್ಮ ಶಾಲೆಯ ಪೋಷಕರೊಬ್ಬರು ಗಡಿಯಾಚೆಯಿಂದ ಒಳ್ಳೆಯ ಗಾಡಿಯನ್ನೇ ತಂದರು. ಮಧ್ಯವರ್ತಿ ಸಹಿ ಮಾಡಿದ ಖಾಲಿ ಫಾರಂಗಳನ್ನು ಕೊಟ್ಟು ಪೂರ್ತಿ ಹಣ ಪಡೆದಿದ್ದ. ಹಿಂದಿನ ಮಾಲೀಕರ ಸಾಲ ತೀರಿದ್ದರೂ ಆರ್‌ಸಿಯಿಂದ ಅದರ ನಮೂದು ತೆಗೆದಿರಲಿಲ್ಲ, ಎನ್‌ಒಸಿ ಸಿಗಲಿಲ್ಲ. ಗಾಡಿ ಒಂದೂವರೆ ವರ್ಷ ಅಂಗಳದಲ್ಲಿ ನಿಂತಿತು. ಮಕ್ಕಳು ಆ ಮಳೆಗಾಲವೂ ನಡೆದೇ ಬಂದರು.

ಹಾಗಾಗದಿರಲು ಈ ಕ್ರಮವನ್ನು ಅನುಸರಿಸಬೇಕು. ಮೊದಲು ಪರಿವಾಹನ್ ಜಾಲತಾಣದಲ್ಲಿ ಗಾಡಿಯ ಸಂಖ್ಯೆ ಹಾಕಿ ಸಾಲ, ವಿಮೆ, ತೆರಿಗೆ, ಬಾಕಿ ದಂಡಗಳನ್ನು ನೋಡಿ. ಸಾಲದ ನಮೂದಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಸಲ್ಲಿಸಿ ಮಾರುವವರೇ ಅದನ್ನು ತೆಗೆಸಿಕೊಡಲಿ. ಬಳಿಕ ಅವರೇ ಫಾರಂ 28ರಲ್ಲಿ ಅರ್ಜಿ ಹಾಕಿ, ನಿಮ್ಮ ಊರಿನ ಸಾರಿಗೆ ಕಚೇರಿಯ ಹೆಸರಿಗೆ ಎನ್‌ಒಸಿ ಪಡೆಯಲಿ. ಅದು ಕೈಗೆ ಬಂದ ದಿನವೇ ಹಣದ ದೊಡ್ಡ ಕಂತು. ಅದಕ್ಕೂ ಮೊದಲು ಮುಂಗಡ ಮಾತ್ರ.

ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಮಾರಿದವರು 45 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು. ವಿಮೆಯ ಹೆಸರು ಬದಲಿಸಲು ಕೊಂಡವರಿಗೆ 14 ದಿನಗಳ ಅವಧಿಯಿದೆ. ಹೊಸ ರಾಜ್ಯದ ಸಂಖ್ಯೆಗೆ ಫಾರಂ 27. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರುವ ಗಾಡಿಗೆ ಹೊಸ ಸಂಖ್ಯೆ ಕಡ್ಡಾಯ. ಇದನ್ನೇ ಹಲವರು ಒಂದು ವರ್ಷದ ತೆರಿಗೆ ವಿನಾಯಿತಿ ಎಂದು ತಿಳಿದಿದ್ದಾರೆ, ಅದು ತಪ್ಪು. ತೆರಿಗೆ ಆಯಾ ರಾಜ್ಯದ ಕಾನೂನಿಗೆ ಸೇರಿದ್ದು, ಅದರ ಗಡುವು ಬೇರೆ. ಹೊಸ ರಾಜ್ಯದಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟೆಂದು ಸಾರಿಗೆ ಕಚೇರಿಯಲ್ಲಿ ಕೇಳಿ, ಗಾಡಿಯ ಬೆಲೆಗೆ ಕೂಡಿಸಿ, ಆಮೇಲೆ ಅಗ್ಗವೇ ದುಬಾರಿಯೇ ಎಂದು ನಿರ್ಧರಿಸಿ. ಹಳೆಯ ರಾಜ್ಯದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ಉಳಿದ ಭಾಗ ಮರಳಿ ಬರಬಹುದು. ಅದು ಯಾರಿಗೆ ಸೇರಬೇಕೆಂದು ಒಪ್ಪಂದದಲ್ಲಿಯೇ ಬರೆದಿಡಿ.

ಗಾಡಿಯ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಖಾಸಗಿ ಗಾಡಿಯ ನೋಂದಣಿ 15 ವರ್ಷ. ಬಳಿಕ 5 ವರ್ಷಕ್ಕೊಮ್ಮೆ ತಪಾಸಣೆ ಮತ್ತು ನವೀಕರಣ. ಕಾರುಗಳ ಈ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. ದೆಹಲಿ ಸೀಮೆಯಲ್ಲಿ 10 ವರ್ಷದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದಿಂದಾಗಿ ಅಲ್ಲಿಯ ಗಾಡಿಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಬರುತ್ತಿವೆ. ಎನ್‌ಒಸಿ ಇಲ್ಲದ ಅಂಥ ಗಾಡಿ ಎಷ್ಟು ಅಗ್ಗವಾದರೂ ಬೇಡ.

ಹಳೆಯ ಗಾಡಿಯನ್ನು ಮಾರುವವರೂ ಎಚ್ಚರದಿಂದಿರಬೇಕು. ದಾಖಲೆಯಲ್ಲಿ ಹೆಸರು ಯಾರದೋ, ಅಪಘಾತದ ಪರಿಹಾರಕ್ಕೆ ಹೊಣೆ ಅವರೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಖಾಲಿ ಫಾರಂಗೆ ಸಹಿ ಹಾಕುವುದೆಂದರೆ ಕಾಣದವರ ತಪ್ಪಿಗೆ ಜಾಮೀನು ನಿಂತಂತೆ. ಮಾರಾಟದ ಒಪ್ಪಂದವನ್ನು ಕನ್ನಡದಲ್ಲಿಯೇ ಬರೆಸಿಕೊಳ್ಳಿ. ಕಚೇರಿಯಲ್ಲಿ ತೊಡಕಾದರೆ ದೂರನ್ನೂ ಕನ್ನಡದಲ್ಲಿ ಬರೆದು ಸ್ವೀಕೃತಿ ಪಡೆಯಬಹುದು: 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅಲ್ಲಿಯ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಸ್ವಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ.

ನೆರೆಮನೆಯ ಮಕ್ಕಳು

ಗಾಡಿ ಬಂದ ಮೇಲೆ ನೆರೆಯ ಮಕ್ಕಳನ್ನೂ ಕರೆದೊಯ್ಯುವುದು ನಮ್ಮ ಊರಿನ ರೀತಿ, ಅದು ನಿಲ್ಲಬಾರದು. ಆದರೆ ಖಾಸಗಿ ಗಾಡಿಯಲ್ಲಿ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಕರೆದೊಯ್ಯಲು ಪರವಾನಗಿ ಬೇಕು. ಖಾಸಗಿ ಗಾಡಿಯ ವಿಮೆ ಅಂಥ ಬಳಕೆಯನ್ನು ಹೊರಗಿಡುತ್ತದೆ. ತಿಂಗಳಿಗಿಷ್ಟು ಎಂದು ಪಡೆಯತೊಡಗಿದರೆ, ಅಪಘಾತವಾದ ದಿನ ವಿಮಾ ಸಂಸ್ಥೆ ಕೈಚೆಲ್ಲಬಹುದು. ಆರ್‌ಸಿಯಲ್ಲಿ ನಮೂದಾದ ಆಸನಗಳಿಗಿಂತ ಒಂದು ಮಗುವನ್ನೂ ಹೆಚ್ಚು ಕೂರಿಸಬೇಡಿ. ಐದಾರು ಮನೆಗಳಿಗೆ ನಿತ್ಯದ ವ್ಯವಸ್ಥೆ ಬೇಕಿದ್ದರೆ ಪರವಾನಗಿಯುಳ್ಳ ಜೀಪನ್ನು ಒಟ್ಟಾಗಿ ಗೊತ್ತುಮಾಡುವುದೇ ಕ್ಷೇಮ. ಒಬ್ಬೊಬ್ಬರೂ ಗಾಡಿ ಕೊಳ್ಳುವುದಕ್ಕಿಂತ ಖರ್ಚು ಕಡಮೆಯಾಗಲೂಬಹುದು.

ದಾರಿ, ಆಸನ, ಕಾಗದ ಈ ಮೂರೂ ಹೊಂದಿದ ಮೇಲೆ ಹಣ ಕೊಡಿ. ದಾರಿ ನಡೆದಾಗ ಬರೆದುಕೊಂಡ ಆ ಚೀಟಿಯನ್ನು ಗಾಡಿ ಬಂದ ಮೇಲೆ ಎಸೆಯಬೇಡಿ. ಯಾವ ಏರು, ಎಷ್ಟು ಮೀಟರು, ಎಷ್ಟು ಮಕ್ಕಳು ಎಂದು ಅದರಲ್ಲಿದೆ. ಅದನ್ನೇ ಅರ್ಜಿಯಾಗಿ ಬರೆದು, ನೆರೆಯವರ ಸಹಿ ಪಡೆದು, ಮುಂದಿನ ಗ್ರಾಮಸಭೆಗೆ ಕೊಡಿ. ಜೀಪು ನಿಮ್ಮ ಮನೆಯ ಮಕ್ಕಳನ್ನು ಶಾಲೆಗೆ ತಲುಪಿಸುತ್ತದೆ. ಗಾಡಿ ಕೊಳ್ಳಲಾಗದ ಮನೆಯ ಮಕ್ಕಳೂ ಬರಬೇಕಾದರೆ ಆ ಏರಿಗೆ ಕಾಂಕ್ರೀಟು ಬೀಳಬೇಕು.