ಗರಡಿಮನೆಯೊಳಗೆ ಗಿಟಾರು: ಟೋಕಿಯೊದ ನಿಪ್ಪಾನ್ ಬುಡೊಕಾನ್

ಟೋಕಿಯೊ ನಗರದ ನಟ್ಟನಡುವೆ, ಚಕ್ರವರ್ತಿಯ ಅರಮನೆಗೆ ಉತ್ತರದಲ್ಲಿ ಕಿತಾನೊಮಾರು ಉದ್ಯಾನವಿದೆ. ಹಿಂದೆ ಇದು ಎಡೊ ಕೋಟೆಯ ಒಳಾವರಣ. ಕುದಾನ್‌ಶಿತಾ ಮೆಟ್ರೊ ನಿಲ್ದಾಣದಲ್ಲಿಳಿದು, ಏರು ಹತ್ತಿ, ಕಂದಕ ದಾಟಿ, ತಯಾಸು ಹೆಬ್ಬಾಗಿಲು ಹಾದರೆ ಮರಗಳ ಮೇಲೆ ಎಂಟು ಮೂಲೆಯ ಚಾವಣಿ ಕಾಣಿಸುತ್ತದೆ. ಅದೇ ನಿಪ್ಪಾನ್ ಬುಡೊಕಾನ್. ಕಟ್ಟಿದ್ದು ಜಪಾನಿನ ಸಮರಕಲೆಗಳಿಗಾಗಿ. ಹೊರದೇಶಗಳಲ್ಲಿ ಹೆಸರಾದದ್ದು ರಾಕ್ ಸಂಗೀತದಿಂದ.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊಗೆ ಮೊದಲ ಬಾರಿ ಸ್ಥಾನ ಸಿಕ್ಕಿತು. ಅದಕ್ಕೆಂದೇ ವಾಸ್ತುಶಿಲ್ಪಿ ಮಮೊರು ಯಮಾದ ಈ ಕಟ್ಟಡವನ್ನು ವಿನ್ಯಾಸಗೊಳಿಸಿದರು. ನಾರಾ ಸೀಮೆಯ ಹೊರ್ಯೂಜಿ ಬೌದ್ಧ ದೇವಾಲಯದ ಅಷ್ಟಕೋನದ ಯುಮೆದೊನೊ ಮಂಟಪವೇ ಮಾದರಿ. ಚಾವಣಿಯ ಇಳಿಜಾರಿನಲ್ಲಿ ಫ್ಯೂಜಿ ಪರ್ವತದ ನೆನಪಿದೆ. ತುದಿಯ ಹೊಂಬಣ್ಣದ ಕಳಶ ಮಾತ್ರ ಸಂಗೀತಪ್ರಿಯರ ಬಾಯಲ್ಲಿ ‘ದೊಡ್ಡ ಈರುಳ್ಳಿ’ ಆಗಿಬಿಟ್ಟಿದೆ; 1985ರಲ್ಲಿ ಬಕುಫು ಸ್ಲಂಪ್ ಎಂಬ ಬ್ಯಾಂಡ್ ಆ ಈರುಳ್ಳಿಯ ಮೇಲೆಯೇ ಒಂದು ಹಾಡು ಕಟ್ಟಿತು. ಆ ಒಲಿಂಪಿಕ್ಸ್‌ನ ಮುಕ್ತ ತೂಕದ ಫೈನಲ್‌ನಲ್ಲಿ ಜಪಾನಿನ ಅಕಿಯೊ ಕಮಿನಾಗ ಅವರನ್ನು ಹಾಲೆಂಡಿನ ಆಂಟನ್ ಗೀಸಿಂಕ್ ಮಣಿಸಿದರು. ತಮ್ಮದೇ ಮನೆಯಲ್ಲಿ ಹೊರಗಿನವನೊಬ್ಬ ಗೆದ್ದದ್ದನ್ನು ಜಪಾನೀಯರು ನೋಡಬೇಕಾಯಿತು.

ಎರಡೇ ವರ್ಷದಲ್ಲಿ ಇನ್ನಷ್ಟು ದೊಡ್ಡ ಗದ್ದಲವೆದ್ದಿತು. 1966ರ ಜೂನ್ 30ರಿಂದ ಜುಲೈ 2ರವರೆಗೆ ಬೀಟಲ್ಸ್ ಇಲ್ಲಿ ಐದು ಪ್ರದರ್ಶನ ಕೊಟ್ಟರು. ಸಮರಕಲೆಯ ಪವಿತ್ರ ಜಾಗದಲ್ಲಿ ಉದ್ದಕೂದಲಿನ ಹುಡುಗರ ಕುಣಿತವೇ ಎಂದು ಬಲಪಂಥೀಯ ಗುಂಪುಗಳು ಬೀದಿಗಿಳಿದವು. ಬೆದರಿಕೆಗಳೂ ಬಂದವು. ಸರ್ಕಾರ ಸಾವಿರಾರು ಪೊಲೀಸರನ್ನು ನಿಲ್ಲಿಸಿತು. ನಾಲ್ವರೂ ಹೋಟೆಲ್ ಕೋಣೆಯಿಂದ ಹೊರಬರುವುದೇ ಕಷ್ಟವಾಗಿ, ಹೊತ್ತು ಕಳೆಯಲು ಮೇಜಿನ ಮೇಲೆ ಕಾಗದ ಹರಡಿಕೊಂಡು ಒಟ್ಟಾಗಿ ಒಂದು ಚಿತ್ರ ಬರೆದರು. ಆ ಚಿತ್ರ 2024ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಹದಿನೇಳು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು.

ಒಂದೊಂದು ಪ್ರದರ್ಶನದಲ್ಲಿ ಹನ್ನೊಂದು ಹಾಡು, ಸುಮಾರು ಅರ್ಧ ಗಂಟೆ. ಕೆಳಗಿನ ಅಂಕಣದಲ್ಲಿ ಒಬ್ಬ ಪ್ರೇಕ್ಷಕನನ್ನೂ ಕೂರಿಸಲಿಲ್ಲ. ಜನರೆಲ್ಲ ಸುತ್ತಲ ಮೆಟ್ಟಿಲು ಸಾಲುಗಳಲ್ಲಿ, ಪೊಲೀಸರ ಕಣ್ಗಾವಲಿನಲ್ಲಿ. ಬೇರೆ ದೇಶಗಳ ಕಿರುಚಾಟದಲ್ಲಿ ತಮ್ಮ ವಾದನವೇ ಕೇಳದೆ ಅಭ್ಯಾಸವಾಗಿದ್ದ ಬೀಟಲ್ಸ್‌ಗೆ ಇಲ್ಲಿ ತಮ್ಮ ತಪ್ಪುಗಳೂ ಕೇಳಿಸಿದವು. ಪ್ರತಿಭಟನೆಗಾರರು ತಡೆಯಲು ಹೊರಟದ್ದು ಯಾವುದನ್ನೋ ಅದನ್ನೇ ಅವರ ಗದ್ದಲ ಗಟ್ಟಿಮಾಡಿತು ಎನ್ನಬೇಕು. ಬೀಟಲ್ಸ್ ಹಾಡಿದ ಜಾಗ ಎಂಬ ಹಿರಿಮೆ ಕಟ್ಟಡಕ್ಕೆ ಅಂಟಿಕೊಂಡಿತು.

ಧ್ವನಿಯ ಲೆಕ್ಕದಲ್ಲಿ ಇದು ಹೇಳಿಕೊಳ್ಳುವಂಥ ಸಂಗೀತ ಸಭಾಂಗಣ ಅಲ್ಲ. ಕುಸ್ತಿಪಟ್ಟುಗಳಿಗೆಂದು ಕಟ್ಟಿದ ಎತ್ತರದ ಚಾವಣಿಯ ಕೆಳಗೆ ಡ್ರಮ್ಮಿನ ಪೆಟ್ಟು ಸುತ್ತಾಡಿ ತಡವಾಗಿ ಮರಳುತ್ತದೆ. ಬೇರೆ ಗುಣ ಒಂದಿದೆ. ಅಷ್ಟಕೋನದ ಸುತ್ತ ಆಸನಗಳು ಕಡಿದಾಗಿ ಏರುವುದರಿಂದ ಕೊನೆಯ ಸಾಲಿನವನೂ ವೇದಿಕೆಗೆ ಹತ್ತಿರ; ಹಾಡುವವನ ಕಣ್ಣಿಗೆ ಮುಖಗಳ ಗೋಡೆ. ಅಧಿಕೃತವಾಗಿ 14,471 ಆಸನಗಳಿದ್ದರೂ ವೇದಿಕೆಯ ಹಿಂಭಾಗ ಮುಚ್ಚುವುದರಿಂದ ಸಂಗೀತ ಕಛೇರಿಗಳಲ್ಲಿ ಅಷ್ಟು ಜನ ಹಿಡಿಸುವುದಿಲ್ಲ. ನಡು ಚಾವಣಿಯಿಂದ ಇಳಿಬಿಟ್ಟ ಜಪಾನಿನ ಧ್ವಜ ಎಷ್ಟೋ ರಾಕ್ ಕಛೇರಿಗಳ ಚಿತ್ರಗಳಲ್ಲಿ ಕಾಣುತ್ತದೆ.

ಎಪ್ಪತ್ತರ ದಶಕದಲ್ಲಿ ಬುಡೊಕಾನ್ ಧ್ವನಿಮುದ್ರಿಕೆಗಳ ಮೇಲೇರಿ ಲೋಕ ಸುತ್ತಿತು. 1971ರಲ್ಲಿ ಲೆಡ್ ಜೆಪ್ಲಿನ್ ಬಂತು. 1972ರ ಆಗಸ್ಟ್‌ನಲ್ಲಿ ಡೀಪ್ ಪರ್ಪಲ್ ಒಸಾಕಾದಲ್ಲಿ ಎರಡು ದಿನ, ಇಲ್ಲಿ ಒಂದು ದಿನ ನುಡಿಸಿದ್ದು ‘ಮೇಡ್ ಇನ್ ಜಪಾನ್’ ಆಯಿತು. ಜಪಾನಿನ ಮಾರುಕಟ್ಟೆಗಷ್ಟೇ ಎಂದು ಹೊರಟ ಆ ಆಲ್ಬಮ್ ರಾಕ್‌ನ ಹೆಸರಾಂತ ಲೈವ್ ಆಲ್ಬಮ್‌ಗಳಲ್ಲಿ ಸೇರಿಹೋಯಿತು. 1978ರಲ್ಲಿ ಬಾಬ್ ಡಿಲನ್ ಬಂದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಚೀಪ್ ಟ್ರಿಕ್. ತವರಿನಲ್ಲಿ ಇನ್ನೂ ಅಷ್ಟಾಗಿ ಹೆಸರಾಗದ ಈ ಬ್ಯಾಂಡಿಗೆ ಜಪಾನಿನ ಹುಡುಗಿಯರು ಬೀಟಲ್ಸ್ ಮಟ್ಟದ ಸ್ವಾಗತ ಕೊಟ್ಟರು. ಜಪಾನಿಗೆಂದು ತಂದ ‘ಚೀಪ್ ಟ್ರಿಕ್ ಅಟ್ ಬುಡೊಕಾನ್’ ಆಮದಾಗಿಯೇ ಅಮೆರಿಕದಲ್ಲಿ ಕೈಯಿಂದ ಕೈಗೆ ಹೋಗತೊಡಗಿ, 1979ರಲ್ಲಿ ಅಲ್ಲಿಯೂ ಬಿಡುಗಡೆಯಾಗಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಹುಡುಗಿಯರ ಕಿರುಚಾಟವೂ ಆ ಮುದ್ರಿಕೆಯಲ್ಲಿ ಒಂದು ವಾದ್ಯದಂತೆಯೇ ಕೇಳುತ್ತದೆ. ಎಲ್ಲರಿಗೂ ಬಾಗಿಲು ತೆರೆಯಲಿಲ್ಲ: 1973ರಲ್ಲಿ ರೋಲಿಂಗ್ ಸ್ಟೋನ್ಸ್ ಕಛೇರಿಗಳು, ಹಳೆಯ ಮಾದಕವಸ್ತು ಪ್ರಕರಣದ ಕಾರಣ ಮಿಕ್ ಜ್ಯಾಗರ್‌ಗೆ ಪ್ರವೇಶ ಸಿಗದೆ, ರದ್ದಾದವು. ಎರಿಕ್ ಕ್ಲಾಪ್ಟನ್ 2023ರಲ್ಲಿ ತಮ್ಮ ನೂರನೇ ಬುಡೊಕಾನ್ ಕಛೇರಿ ಮುಗಿಸಿದರು. ವಿದೇಶಿ ಕಲಾವಿದರಲ್ಲಿ ಇವರೇ ಮೊದಲಿಗರು.

ಜಪಾನಿನ ಬ್ಯಾಂಡುಗಳಿಗೆ ಈ ಜಾಗದ ಅರ್ಥವೇ ಬೇರೆ. ಅವುಗಳ ಬದುಕು ಶುರುವಾಗುವುದು ‘ಲೈವ್ ಹೌಸ್’ ಎಂಬ ಪುಟ್ಟ ಸಭಾಂಗಣಗಳಲ್ಲಿ, ಬಹುಮಟ್ಟಿಗೆ ಕಟ್ಟಡಗಳ ನೆಲಮಾಳಿಗೆಯಲ್ಲಿ. ಇನ್ನೂರು ಮುನ್ನೂರು ಜನ ತುಂಬಿದರೆ ಮುಗಿಯಿತು. ಇವುಗಳಲ್ಲಿ ಹಲವು ಕಾನೂನಿನ ಕಣ್ಣಿಗೆ ಉಪಾಹಾರ ಗೃಹಗಳಾದ್ದರಿಂದ ಟಿಕೆಟ್ಟಿನ ಜೊತೆ ಒಂದು ಪಾನೀಯವನ್ನೂ ಕೊಳ್ಳಲೇಬೇಕು. ‘ನೊರುಮಾ’ ಎಂಬ ಪದ್ಧತಿ ಇನ್ನೂ ಬಿಗಿ: ಗೊತ್ತುಮಾಡಿದಷ್ಟು ಟಿಕೆಟ್ಟುಗಳನ್ನು ಬ್ಯಾಂಡೇ ಮಾರಬೇಕು, ಉಳಿದರೆ ಕೈಯಿಂದ ಕಟ್ಟಬೇಕು. ಹೊಸ ಹುಡುಗರು ನುಡಿಸಲು ಹಣ ತೆತ್ತಂತೆಯೇ. 1976ರಲ್ಲಿ ತೆರೆದ ಶಿಂಜುಕು ಲಾಫ್ಟ್ ಇಂಥ ಜಾಗಗಳಲ್ಲಿ ಹೆಸರಾದದ್ದು. ತಕಾಸಾಕಿ ಊರಿನ ಗೆಳೆಯರು ಕಟ್ಟಿದ ಬೋಯಿ ಬ್ಯಾಂಡ್ 1981ರಲ್ಲಿ ಮೊದಲ ಕಛೇರಿ ನಡೆಸಿದ್ದು ಅಲ್ಲೇ. ಐದು ವರ್ಷದಲ್ಲಿ, 1986ರ ಜುಲೈನಲ್ಲಿ, ಅದು ಬುಡೊಕಾನ್ ಮುಟ್ಟಿತು. 1977ರಲ್ಲೇ ಇಲ್ಲಿ ಹಾಡಿದ್ದ ಎಯ್‌ಕಿಚಿ ಯಜಾವ ಮುಂದೆ ನೂರಕ್ಕೂ ಹೆಚ್ಚು ಕಛೇರಿ ಕೊಟ್ಟರು.

1988ರಲ್ಲಿ ಟೋಕಿಯೊ ಡೋಮ್ ಬಂದ ಮೇಲೆ ಬುಡೊಕಾನ್ ಊರಿನ ದೊಡ್ಡ ವೇದಿಕೆಯಾಗಿ ಉಳಿಯಲಿಲ್ಲ. ಆದರೂ ಶಾಲಾ ಹುಡುಗಿಯರ ಬ್ಯಾಂಡಿನ ಕಥೆಯುಳ್ಳ ‘ಕೆ-ಆನ್!’ ಆನಿಮೆಯಲ್ಲಿ ಪಾತ್ರಗಳು ಇಟ್ಟುಕೊಳ್ಳುವ ಗುರಿ ಬುಡೊಕಾನೇ.

2020ರ ಒಲಿಂಪಿಕ್ಸ್‌ಗೆಂದು ಕಟ್ಟಡ ದುರಸ್ತಿಯಾಯಿತು. 2021ರಲ್ಲಿ ಜೂಡೊ, ಕರಾಟೆ ಸ್ಪರ್ಧೆಗಳು ಇಲ್ಲೇ ನಡೆದವು. ಸಮರಕಲೆಯ ರಾಷ್ಟ್ರೀಯ ಪಂದ್ಯಗಳು, ಏಪ್ರಿಲ್‌ನಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಪ್ರವೇಶೋತ್ಸವ, ಆಗಸ್ಟ್ 15ರಂದು ಯುದ್ಧದಲ್ಲಿ ಮಡಿದವರ ಸ್ಮರಣೆ ಇಲ್ಲಿನ ವಾರ್ಷಿಕ ಪಟ್ಟಿಯಲ್ಲಿವೆ. ರಾಕ್ ಬ್ಯಾಂಡುಗಳು ಇವೆಲ್ಲ ಬಿಟ್ಟ ದಿನಗಳಲ್ಲಿ ತಮ್ಮ ಸರದಿ ಹಿಡಿಯಬೇಕು.